ಸೊನ್ನೆಯ ತುದಿ

ಮೂರು ವಿಶ್ವವಿದ್ಯಾಲಯಗಳಿಗೆ ಮೂರು ಕಂಬ ಎಳೆದು
ಪಟ್ಟಿ ಮಾಡಿದೆ, ಲೆಕ್ಕದವಳಲ್ಲವೇ ನಾನು:
ಶುಲ್ಕ, ಹಾಸ್ಟೆಲು, ಗ್ರಂಥಾಲಯದ ಬಾಗಿಲು ಹಾಕುವ ಹೊತ್ತು,
ಟೋಪಾಲಜಿ ಯಾರು ಹೇಳುತ್ತಾರೆ, ನಿಜವಾಗಿ ಹೇಳುತ್ತಾರೋ
ಇಲ್ಲಾ ನೋಟ್ಸು ಬರೆಸಿ ಎದ್ದು ಹೋಗುತ್ತಾರೋ.
ಒಂದೊಂದಕ್ಕೂ ತೂಕ ಕೊಟ್ಟು, ಗುಣಿಸಿ, ಕೂಡಿಸಿದರೆ
ಧಾರವಾಡ ಏಳು ಪಾಯಿಂಟ್ ಒಂದು.
ಹೈದರಾಬಾದ್ ಏಳು ಪಾಯಿಂಟ್ ಒಂದು.
ಬೆಳಗಾವಿ ತುಸು ಹಿಂದೆ, ಬಸ್ಸಿಗೆ ಓಡುವವರ ಹಾಗೆ.
ತೂಕ ಬದಲಿಸಿದೆ, ಹೈದರಾಬಾದ್ ಗೆದ್ದಿತು.
ಮತ್ತೆ ಬದಲಿಸಿದೆ, ಧಾರವಾಡ.
ತಕ್ಕಡಿ ನನ್ನ ಕೈಯಲ್ಲೇ ಇರುವಾಗ
ಇದನ್ನು ಲೆಕ್ಕ ಅನ್ನಲು ನಾಚಿಕೆಯಾಯಿತು.

ಅವ್ವನ ಪ್ರಶ್ನೆ ಒಂದೇ:
"ಹಾಸ್ಟೆಲಿನ್ಯಾಗ ನೀರು ದಿನಾ ಬಿಡ್ತಾರೇನ?"
ಮನೆಯನ್ನು ಹಿನ್ನೀರಿಗೆ ಕೊಟ್ಟು ಬಂದವಳು
ನೀರಿನ ಮಾತು ಕೇಳಿದಾಗ ನಗಬಾರದಿತ್ತು.
ನಕ್ಕೆ.

ಮಿರ್ಜಿ ಮೇಡಂ ಹೇಳಿದರು, "ಹೈದರಾಬಾದಿಗೆ ಹೋಗು.
ಅಲ್ಲೆ ನಿನಗಿಂತ ಶಾಣ್ಯಾರು ಸಿಗ್ತಾರ.
ಇಲ್ಲೆ ನೀನ ಶಾಣ್ಯಾಕಿ, ಅದೊಂದು ರೋಗ."
ಆಮೇಲೆ ಸೆರಗಿನ ಸೀಮೆಸುಣ್ಣ ಕೊಡವುತ್ತ
"ನಾ ಹೋಗಲಿಲ್ಲ" ಅಂದರು.
ಕಾರಣ ಅವರು ಕೊಡಲಿಲ್ಲ,
ಸಾಧನೆ ನಾನು ಕೇಳಲಿಲ್ಲ.

ಅಪ್ಪ ಮಾತಾಡಲಿಲ್ಲ.
ಅಪ್ಪ ಪುನರ್ವಸತಿ ಕಚೇರಿಯಲ್ಲಿ ಟೇಪು ಹಿಡಿಯುತ್ತಿದ್ದವನು.
ಸರ್ವೇಯರು ಅಂಕಿ ಓದುವ ತುದಿಯಲ್ಲ,
ಈ ಕಡೆಯದು, ಗೋಡೆಗೆ ಒತ್ತಿ ಹಿಡಿಯುವ
ಸೊನ್ನೆಯ ತುದಿ.
ಹಳೆ ಬಾಗಲಕೋಟೆಯ ಓಣಿ ಓಣಿ ತಿರುಗಿ
ಪಡಸಾಲೆ, ಬಚ್ಚಲು, ದೇವರ ಗೂಡು, ದನದ ಗೋದಲಿ,
ಎಲ್ಲದಕ್ಕೂ ಅವನ ಹೆಬ್ಬೆರಳೇ ಆರಂಭ.
ಮನೆಯವರು ಪಿಸುಗುಟ್ಟುವರು,
"ಯಮನಪ್ಪಾ, ಒಂದ ಗೇಣು ಹಿಂದ ಹಿಡೀಪಾ."
ಹಿಡಿದನೋ ಇಲ್ಲವೋ, ಇವತ್ತಿಗೂ ಹೇಳಿಲ್ಲ.
ಟೇಪಿನ ಆ ತುದಿಯವನು ಮಾತಾಡಬಾರದಂತೆ.

ನಾನು ಹುಟ್ಟಿದ್ದು ನವನಗರದಲ್ಲಿ, ಸೆಕ್ಟರ್ ಮೂವತ್ತೊಂದು.
ಅವಿಭಾಜ್ಯ ಸಂಖ್ಯೆ ಎಂದರೇನೆಂದು ತಿಳಿಯುವ ಮೊದಲೇ
ಅದರೊಳಗೆ ವಾಸವಿದ್ದೆ.
ಓಣಿಗೆ ಹೆಸರಿರುತ್ತದೆ ಎಂಬುದು
ಅಜ್ಜಿಯ ಬಾಯಿಂದ ಬಂದ ಸುದ್ದಿ.

ಉತ್ತರ ಕಳಿಸಲು ಎರಡು ದಿನ ಉಳಿದಾಗ
ಅಪ್ಪ ಸೈಕಲ್ ತೆಗೆದು "ಬಾ" ಅಂದ.
ಮೇ ತಿಂಗಳು. ಹಿನ್ನೀರು ಸರಿದಿತ್ತು.
ಬಿರಿದ ಕೆಸರಿನಲ್ಲಿ ಮನೆಗಳ ಬುಡ ಎದ್ದಿದ್ದವು,
ಹಲ್ಲು ಬಿದ್ದ ಒಸಡಿನಂತೆ.
ಒಂದು ಹೊಸ್ತಿಲ ಕಲ್ಲಿನ ಮುಂದೆ ನಿಂತು
ಚಪ್ಪಲಿ ಕಳಚಿದ.
"ಇದು ನಮ್ಮನಿ. ಇದರ ಅಳತಿಗೂ ನಾನ ತುದಿ ಹಿಡಿದಿದ್ದೆ."

ಕೇಳಬಾರದಿತ್ತು. "ಹಿಂದಕ್ಕ ಹಿಡಿದೇನು?"

ಹೆಬ್ಬೆರಳನ್ನು ಗಾಳಿಯಲ್ಲಿ, ಇಲ್ಲದ ಗೋಡೆಗೆ,
ಒತ್ತಿ ತೋರಿಸಿದ.
"ನಿಮ್ಮವ್ವ ಎಂಟು ದಿನ ನನ್ನ ಜೋಡಿ ಮಾತಾಡಲಿಲ್ಲ."

ದೂರದಲ್ಲಿ ಯಾರೋ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದರು.
ಬಿಸಿ ವಾಸನೆ.
"ಯಾವುದು ದೊಡ್ಡದು, ಯಾವುದು ಸಣ್ಣದು, ನನಗ ತಿಳಿಯೂದಿಲ್ಲವಾ," ಅಂದ,
"ಆ ಕಡಿ ಓದೂದು ನಿನ್ನ ಕೆಲಸ.
ಈ ಕಡಿ ನಾ ಬಿಡೂದಿಲ್ಲ."

ಬರುವಾಗ ಸೈಕಲ್ ಪಂಕ್ಚರ್. ನಡೆದೆವು.
ಅಪ್ಪ ಹೆಜ್ಜೆ ಎಣಿಸುತ್ತಿದ್ದ, ಹಳೆಯ ಚಟ.
ಕ್ರಾಸಿನ ಹತ್ತಿರ ಎಣಿಕೆ ತಪ್ಪಿ, ಒಬ್ಬನೇ ನಕ್ಕು
ಮತ್ತೆ ಒಂದರಿಂದ ಶುರುಮಾಡಿದ.

ರಾತ್ರಿ ಪಟ್ಟಿ ಬಿಚ್ಚಿ ತೂಕಗಳನ್ನೆಲ್ಲ ಅಳಿಸಿದೆ.
ದೂರದ ಸಾಲು ಮಾತ್ರ ಉಳಿಯಿತು.
ಟೇಪು ಎಲ್ಲಿಯವರೆಗೆ ಎಳೆಯುತ್ತದೋ ನೋಡೋಣವೆಂದು
ಹೈದರಾಬಾದಿನ ಮೇಲೆ ಬೆರಳಿಟ್ಟೆ.

ಒಲೆಯ ಮುಂದಿನಿಂದ ಅವ್ವ ಮತ್ತೆ ಕೇಳಿದಳು,
ನೀರಿನದೇ.
"ದಿನಾ ಬಿಡ್ತಾರ" ಅಂದೆ,
ಒಂದು ಗೇಣು ಹಿಂದೆ ಹಿಡಿದು.